ರೇಡಿಯೋ ಪೆಟ್ಟಿಗೆಯಲ್ಲಿ ಮಲಗಿದ ಗಡಿಯಾರ

ಚಾವಿ ಕೊಡುವ ಗಡಿಯಾರಗಳು ಮತ್ತೆ ಬಂದಿವೆಯಂತೆ. ಬ್ಯಾಟರಿಯವು ಬಂದು ನಮ್ಮ ಕೈಯ ಕೆಲಸ ಕಸಿದುಕೊಂಡು ಎಷ್ಟೋ ವರ್ಷವಾದ ಮೇಲೆ ಈಗಿನ ಹುಡುಗರು ಕೈತುಂಬ ರೊಕ್ಕ ಕೊಟ್ಟು ಚಾವಿ ಗಡಿಯಾರ ಕಟ್ಟುತ್ತಿದ್ದಾರೆ ಎಂದು ಕೇಳಿ ನನಗೆ ಸಂತೋಷವೇನೂ ಆಗಲಿಲ್ಲ. ಸುಮ್ಮನೆ ದಣಿವಾಯಿತು. ಮೊನ್ನೆ ಬೀದರಿನಲ್ಲಿ ಗಡಿಯಾರ ರಿಪೇರಿಗೆ ಹೊಸದಾಗಿ ಕೂತ ಇಬ್ಬರು ಮನೆಗೆ ಬಂದಿದ್ದರು. "ಕಾಕಾ, ಹೊಸಾ ಗಡಿಯಾರ ಯಾಕ ಹಿಂದ ಮುಂದ ಆಗ್ತಾವರಿ? ನೀವು ಕಂಡಿದ್ದು ಬರದು ಕೊಡ್ರಿ" ಎಂದರು. ನನ್ನ ಕಣ್ಣು ಈಗ ಅನ್ನದಲ್ಲಿನ ಹರಳನ್ನೂ ಕಾಣುವುದಿಲ್ಲ. ಆದರೂ ಕೇಳಿದ್ದಾರೆ, ಬರೆಯುತ್ತಿದ್ದೇನೆ. ಸೊಸೆ ಅಕ್ಷರ ತಿದ್ದುತ್ತಾಳೆ.

ನಾನು ಕೆಲಸಕ್ಕೆ ಸೇರಿದ್ದು ಬೀದರಿನ ಒಬ್ಬ ಸೇಟರ ಗಡಿಯಾರದ ಅಂಗಡಿಗೆ. ನನ್ನ ಊರು ಅಷ್ಟೂರ. ನಮ್ಮದು ಮೆಥಡಿಸ್ಟ್ ಕ್ರೈಸ್ತ ಮನೆತನ, ಅಕ್ಕ ನರ್ಸು. ನಾನೂ ಕಾಂಪೌಂಡರ್ ಆಗಲಿ ಎಂದು ಅವಳ ಆಸೆ ಇತ್ತು. ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ ಎಂದು ಗೊತ್ತಾದ ಮೇಲೆ ಅವಳೇ ಕೈಹಿಡಿದು ತಂದು ಖಲೀಲ ಉಸ್ತಾದರ ಮುಂದೆ ಕೂರಿಸಿದಳು. ಅಂಗಡಿ ಸೇಟರದು, ಮಾರಾಟ ಸೇಟರದು. ಗಡಿಯಾರ ಬಿಚ್ಚುವುದು, ತೊಳೆಯುವುದು, ಹೊಂದಿಸುವುದು ಎಲ್ಲ ಉಸ್ತಾದರದು. ಬೈಗಳು ಮಾತ್ರ ಇಬ್ಬರದೂ, ತಿನ್ನುವವನು ನಾನು.

ಹೊಸ ಗಡಿಯಾರ ಎಂದರೆ ಸರಿಯಾದ ಗಡಿಯಾರ ಎಂದು ಮಂದಿ ತಿಳಿಯುತ್ತಾರೆ. ಈ ಮಾತನ್ನು ಅಲ್ಲವೆಂದು ಹೇಳಿ ಹೇಳಿ ನನ್ನ ಅರ್ಧ ಆಯುಷ್ಯ ಸವೆಯಿತು. ಒಳಗೆ ಅತ್ತಿತ್ತ ತೂಗುವ ಒಂದು ಚಕ್ರ ಇರುತ್ತದೆ. ಅದನ್ನು ತೂಗಿಸುವುದು ಕೂದಲಿನಷ್ಟು ಸಣ್ಣದಾದ, ಸುರುಳಿ ಸುತ್ತಿದ ಒಂದು ಸ್ಪ್ರಿಂಗು. ನಾವು ಅದಕ್ಕೆ ಬಾಲ್ ಕಮಾನಿ ಎನ್ನುತ್ತಿದ್ದೆವು. ಅದರ ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿ. ಕಡ್ಡಿಯನ್ನು ಒಂದು ಕಡೆ ಸರಿಸಿದರೆ ಗಡಿಯಾರ ಓಡುತ್ತದೆ, ಇನ್ನೊಂದು ಕಡೆ ಸರಿಸಿದರೆ ನಿಧಾನವಾಗುತ್ತದೆ. ಸರಿಸಿದೆವೋ ಇಲ್ಲವೋ ಎಂದು ನಮಗೇ ಅನುಮಾನ ಬರುವಷ್ಟು ಮಾತ್ರ ಸರಿಸಬೇಕು. ಸರಿಸುವಾಗ ಉಸ್ತಾದ ಉಸಿರು ಹಿಡಿಯುತ್ತಿದ್ದರು. ಆಗ ಸೇಟರು ಕೂಡ ಮಾತಾಡುತ್ತಿರಲಿಲ್ಲ.

ಕಾರ್ಖಾನೆಯವರು ಎಷ್ಟೇ ಹೊಂದಿಸಿ ಕಳಿಸಲಿ, ಗಡಿಯಾರ ಒಬ್ಬನ ಕೈಗೆ ಹೋದ ಮೇಲೆ ಅವನ ಹಾಗೆಯೇ ನಡೆಯುತ್ತದೆ. ಒಬ್ಬ ಬೆಳಿಗ್ಗೆ ಚಾವಿ ಕೊಡುತ್ತಾನೆ, ಒಬ್ಬ ನೆನಪಾದಾಗ ಕೊಡುತ್ತಾನೆ. ಭಾತಂಬ್ರಾದ ಒಬ್ಬ ಗೌಡರು ಸಂತೆಯ ದಿನ ಮಾತ್ರ ಚಾವಿ ಕೊಡುತ್ತಿದ್ದರು, ಮಿಕ್ಕ ದಿನ ಅದಕ್ಕೆ ಕೆಲಸವೇನು ಎಂದು ಅವರ ವಾದ. ರಾತ್ರಿ ಗೂಟಕ್ಕೆ ತೂಗುಹಾಕಿದರೆ ಒಂದು ನಡಿಗೆ, ಹಾಸಿಗೆಯ ಮೇಲೆ ಅಂಗಾತ ಇಟ್ಟರೆ ಇನ್ನೊಂದು ನಡಿಗೆ. ಆದ್ದರಿಂದ ನಮ್ಮ ಅಂಗಡಿಯಲ್ಲಿ ಒಂದು ರೂಢಿ ಇತ್ತು. ಹೊಸ ಗಡಿಯಾರವನ್ನು ಮೊಳೆ ಹೊಡೆದ ಹಲಗೆಗೆ ಒಂದು ವಾರ ತೂಗುಹಾಕಿ ನೋಡುವುದು, ಆಮೇಲೆ ಮಾರುವುದು, ಹದಿನೈದು ದಿನ ಕಟ್ಟಿಕೊಂಡು ಮತ್ತೆ ತನ್ನಿ ಎಂದು ಹೇಳುವುದು. ಬಂದಾಗ ಉಸ್ತಾದ ಗಡಿಯಾರಕ್ಕಿಂತ ಮೊದಲು ಮನುಷ್ಯನನ್ನು ಕೇಳುತ್ತಿದ್ದರು: ಎಲ್ಲಿಡ್ತೀರಿ, ಹ್ಯಾಂಗ ಮಲಗ್ತೀರಿ, ಚಾವಿ ಯಾವಾಗ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಗಡಿಯಾರದವನಿಗೆ ನಾನು ಮಲಗುವ ಉಸಾಬರಿ ಯಾಕೆ ಎಂದು.

ಇನ್ನೊಂದು ರಗಳೆ ಹೇಳಿಬಿಡುತ್ತೇನೆ. ಹೊಂದಿಸುವುದು ಯಾವುದಕ್ಕೆ? ಕೋರ್ಟಿನವರಿಗೆ ಖಜಾನೆಯ ಗಂಟೆಯೇ ಸರಿ, ನಮ್ಮವರಿಗೆ ಚರ್ಚಿನ ಗಂಟೆಯೇ ಸರಿ, ವ್ಯಾಪಾರಿಗಳಿಗೆ ಹೈದರಾಬಾದಿನ ಬಸ್ಸೇ ಸರಿ. ಎಲ್ಲರೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಮ್ಮನ್ನು ನ್ಯಾಯಾಧೀಶರ ಹಾಗೆ ಕೇಳುವವರೇ. ರೇಡಿಯೋದಲ್ಲಿ ಸಮಯ ಸಾರುವ ಟೂಂ ಟೂಂ ಬಂದ ಮೇಲೆ ಜಗಳ ಸ್ವಲ್ಪ ಕಡಿಮೆಯಾಯಿತು. ಉಸ್ತಾದ ತಮ್ಮ ಜೇಬು ಗಡಿಯಾರವನ್ನು ರೇಡಿಯೋಗೆ ಹೊಂದಿಸುತ್ತಿದ್ದರು, ನಾವು ಮಿಕ್ಕವನ್ನೆಲ್ಲ ಆ ಜೇಬು ಗಡಿಯಾರಕ್ಕೆ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಕಚೇರಿಗಳಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿತ್ತು. ಆ ಕಡೆಯ ಸಾಹೇಬರು ಬಂದು ನಮ್ಮ ಮಾತು ತಿಳಿಯದೆ ನಗುತ್ತಿದ್ದರು, ಅವರ ಮಾತು ತಿಳಿಯದೆ ನಾವೂ ನಗುತ್ತಿದ್ದೆವು. ಹಳ್ಳಿ ಹಳ್ಳಿಗೆ ಸಾಲಿ ತೆರೆದು ಹೊಸ ಮಾಸ್ತರರನ್ನು ಹಾಕುತ್ತಿದ್ದರು. ಮೊದಲ ಪಗಾರ ಕೂಡಿಟ್ಟು ಅವರು ಕೊಳ್ಳುತ್ತಿದ್ದ ಮೊದಲ ವಸ್ತು ಗಡಿಯಾರ. ಹಾಗೆ ಬಂದವರಲ್ಲಿ ಒಬ್ಬರು ಮಾಣಿಕ ಮಾಸ್ತರ. ಹಲಬರ್ಗಾದವರು. ಅವರ ತಂದೆ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿ ಸತ್ತವರು. ಮನೆತನದಲ್ಲಿ ಓದು ಕಲಿತವರು ಇವರೇ ಮೊದಲು, ಆಗಷ್ಟೇ ಬೌದ್ಧರಾಗಿದ್ದರು. ಔರಾದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬರೇ ಮಾಸ್ತರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಹದಿನೈದು ದಿನಕ್ಕೆ ಸರಿಯಾಗಿ ಬಂದರು. ಗಡಿಯಾರ ಬಹಳ ಮುಂದೆ ಓಡುತ್ತಿತ್ತು. ಹೊಸದಲ್ಲವೇ ಎಂದು ಉಸ್ತಾದ ಕಡ್ಡಿ ಸರಿಸಿ ಕೊಟ್ಟರು. ಒಂದು ವಾರ ಕಳೆಯುವುದರೊಳಗೆ ಮಾಸ್ತರರು ಮತ್ತೆ ಬಂದರು. ಮುಖದಲ್ಲಿ ನೆತ್ತರಿರಲಿಲ್ಲ.

"ಉಸ್ತಾದರೇ, ನನ್ನ ನೌಕರಿ ಹೋಗ್ತದರಿ" ಎಂದರು.

ನಡೆದದ್ದು ಹೀಗೆ. ಆ ಹಳ್ಳಿಗೆ ಸರಕಾರ ಒಂದು ರೇಡಿಯೋ ಕೊಟ್ಟಿತ್ತು. ಮಾಸ್ತರರೇ ಅದನ್ನು ನೋಡಿಕೊಳ್ಳುವವರು. ಅದರ ಟೂಂ ಟೂಂಗೆ ದಿನಾಲು ಸಂಜೆ ಗಡಿಯಾರ ಹೊಂದಿಸುತ್ತಿದ್ದರು. ಆ ವಾರ ರೇಡಿಯೋದ ಬ್ಯಾಟರಿ ತೀರಿತ್ತು, ಹೊಸದು ತಾಲೂಕಿನಿಂದ ಬಂದಿರಲಿಲ್ಲ. ಉಸ್ತಾದರು ಸರಿ ಮಾಡಿಕೊಟ್ಟಿದ್ದಾರಲ್ಲ ಎಂದು ಗಡಿಯಾರವನ್ನೇ ನಂಬಿ ಸಾಲಿಯ ಗಂಟೆ ಹೊಡೆದರು. ಬೆಳಿಗ್ಗೆ ಮಕ್ಕಳು ತಡವಾಗಿ ಬಂದರು. ಸಂಜೆ ಇವರು ಸಾಲಿ ಮುಚ್ಚಿ ಕೀಲಿ ಹಾಕಿ ಹೋದರು. ಅದೇ ದಿನ, ಬಿಡುವ ಹೊತ್ತಿಗೆ ಇನ್ನೂ ಒಂದು ತಾಸು ಇರುವಾಗಲೇ, ಭಾಲ್ಕಿಯಲ್ಲಿ ಕಚೇರಿ ಇದ್ದ ಸಾಲಿ ಇನ್‌ಸ್ಪೆಕ್ಟರು ಬಂದು ಮುಚ್ಚಿದ ಬಾಗಿಲು ಕಂಡರು. ಇವರ ಕೈಯಲ್ಲಿ ತಮ್ಮ ಮಕ್ಕಳು ಕಲಿಯುವುದು ಊರಿನ ಕೆಲವು ದೊಡ್ಡವರಿಗೆ ಮೊದಲೇ ಸೇರುತ್ತಿರಲಿಲ್ಲ. "ಇದು ದಿನಾಲೂ ಹಿಂಗೇ ಅದರಿ ಸಾಹೇಬ್ರ" ಎಂದು ಅವರು ಇನ್‌ಸ್ಪೆಕ್ಟರರ ಕಿವಿ ತುಂಬಿದರು.

"ಗಡಿಯಾರ ಮುಂದ ಹೋಗ್ಯಾದ ಅಂತ ಹೇಳಿದೆನ್ರಿ. ಸಾಹೇಬ್ರು ನಂಬಲಿಲ್ಲ. ಹೊಸ ಗಡಿಯಾರ ಹಂಗ್ಯಾಕ ಹೋಗ್ತದ ಅಂದ್ರು. ಎರಡು ವಾರ ಬಿಟ್ಟು ಬೀದರಿಗಿ ಬರ್ತಾರಂತರಿ. ನಿಮ್ಮ ಅಂಗಡ್ಯಾಗೇ ಕೇಳ್ತಾರಂತ."

ಸೇಟರು ರೊಕ್ಕದ ಗಲ್ಲೆಯಿಂದ ತಲೆ ಎತ್ತಿದರು. "ನಮ್ಮ ಅಂಗಡಿ ಹೊಸಾ ಮಾಲು ಖರಾಬ್ ಅದ ಅಂತ ಸರಕಾರಿ ಸಾಹೇಬ್ರ ಮುಂದ ನಾವೇ ಹೇಳಬೇಕೇನು? ನಾಳಿಂದ ಯಾರು ಮೆಟ್ಟಿಲು ಹತ್ತತಾರ? ಖಲೀಲ, ಬಾಯಿ ಬಿಚ್ಚಬ್ಯಾಡ ನೋಡು" ಎಂದರು.

ಉಸ್ತಾದ ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚಿದರು. ಬಾಲ್ ಕಮಾನಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗೆ ಅಂಟಿದರೆ ಸ್ಪ್ರಿಂಗು ಗಿಡ್ಡವಾದಂತೆ ಆಗಿ ಗಡಿಯಾರ ಹುಚ್ಚೆದ್ದು ಓಡುತ್ತದೆ. ಎಣ್ಣೆ ತಾಗಿರಬೇಕು ಎಂದು ಪೆಟ್ರೋಲಿನಲ್ಲಿ ತೊಳೆದರು. ಮತ್ತೆ ಅಂಟಿತು. ಇನ್ನೊಮ್ಮೆ ತೊಳೆದರು. ಮತ್ತೆ ಅದೇ. ಆಗ ಜೇಬಿನಿಂದ ತಮ್ಮ ಕಿಬ್ಲಾನುಮಾ ತೆಗೆದರು. ಊರೂರು ತಿರುಗುವಾಗ ನಮಾಜಿಗೆ ದಿಕ್ಕು ತಿಳಿಯಲು ಅವರು ಇಟ್ಟುಕೊಂಡಿದ್ದ ಪುಟ್ಟ ಹಿತ್ತಾಳೆಯ ದಿಕ್ಸೂಚಿ ಅದು. ಗಡಿಯಾರದ ಹತ್ತಿರ ತಂದರೆ ಮುಳ್ಳು ಗಿರ್ರನೆ ತಿರುಗಿತು.

"ಅರೆ! ಇದಕ್ಕ ಲೋಹಚುಂಬಕ ಹಿಡದದ. ಮಾಸ್ತರ್ ಸಾಬ್, ರಾತ್ರಿ ಎಲ್ಲಿಡ್ತೀರಿ ಇದನ್ನ?"

"ನಾ ಇಡಲ್ರಿ. ನಮ್ಮವ್ವ ಕೈಯಿಂದ ಬಿಚ್ಚಿ ಕೀಲಿ ಹಾಕಿ ಇಡ್ತಾಳರಿ. ಮನ್ಯಾಗೇ."

ಮನೆಯಲ್ಲಿ, ಕೀಲಿ ಹಾಕಿ. ಇನ್ನೇನು ಬೇಕು? ಉಸ್ತಾದರಿಗೂ ಮುಂದೆ ಕೇಳಲು ತೋಚಲಿಲ್ಲ. ಅವರಲ್ಲಿ ತಾಮ್ರದ ತಂತಿ ಸುತ್ತಿದ ಒಂದು ಉರುಳೆ ಇತ್ತು. ಕರೆಂಟು ಕೊಟ್ಟು, ಗಡಿಯಾರವನ್ನು ಅದರ ನಡುವೆ ಇಟ್ಟು ಮೆಲ್ಲಗೆ ಹೊರಗೆಳೆದರೆ ಚುಂಬಕ ಇಳಿಯುತ್ತದೆ. ಕರೆಂಟು ಬರುವುದನ್ನು ಕಾಯ್ದು ಹಾಗೆ ಮಾಡಿದರು. ಸುತ್ತುಗಳು ಬಿಡಿಸಿಕೊಂಡವು. ಹಲಗೆಗೆ ತೂಗುಹಾಕಿ ನೋಡಿದೆವು. ಎಷ್ಟು ಸರಿ ನಡೆಯಿತೆಂದರೆ ಸೇಟರು ಅದನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದರು.

ಉಸ್ತಾದರಿಗೆ ಮಾತ್ರ ಸಮಾಧಾನವಿರಲಿಲ್ಲ. ಔರಾದ ಸಂತೆಗೆ ನಾನು ಹೇಗೂ ಹೋಗುವವನು. ನನ್ನ ಕೈಯಲ್ಲಿ ಗಡಿಯಾರವನ್ನೂ ಕಿಬ್ಲಾನುಮಾವನ್ನೂ ಇಟ್ಟು, "ಬೇಟಾ ಪ್ರಭುದಾಸ, ಆ ಮನ್ಯಾಗ ಚುಂಬಕ ಎಲ್ಲಿ ಅದ ನೋಡ್ಕೊಂಡು ಬಾ. ಇಲ್ಲಾಂದ್ರ ಇದು ಮತ್ತ ಬರ್ತದ, ಆ ಮನುಷ್ಯಾಂದು ನೌಕರಿ ಹೋಗ್ತದ" ಎಂದರು.

ಸಂತೆ ಮುಗಿಸಿ ಆ ಹಳ್ಳಿಗೆ ನಡೆದು ಹೋಗುವಾಗ ಹೊತ್ತು ಇಳಿಯುತ್ತಿತ್ತು. ಒಂದೇ ಕೋಣೆಯ ಮನೆ. ನನಗೆ ಹಾಗೆ ಯಾವ ಚುಂಬಕವೂ ಕಾಣಲಿಲ್ಲ. ಒಲೆ, ಬೀಸುವ ಕಲ್ಲು, ಜೋಳದ ಗಡಿಗೆ, ಗೋಡೆಗೆ ಬುದ್ಧನ ಪಟ. ಮೂಲೆಯಲ್ಲಿ ಸರಕಾರದ ರೇಡಿಯೋ ಇದ್ದ ಮರದ ಪೆಟ್ಟಿಗೆ. ಹೊಸ ಬ್ಯಾಟರಿ ಬಂದಿತ್ತು. ಮಾಸ್ತರರು ಪೆಟ್ಟಿಗೆಯನ್ನು ಬಾಗಿಲಿಗೆ ತಂದು ಕೀಲಿ ತೆರೆದು ಹಚ್ಚಿದರು. ಬೇವಿನ ಕೆಳಗೆ ಮಂದಿ ಕೂತು ಕೇಳಿದರು. ಟೂಂ ಟೂಂ ಬಂತು, ನಾನು ತಂದು ಮಾಸ್ತರರ ಕೈಗೆ ಕಟ್ಟಿದ್ದ ಗಡಿಯಾರ ಅದಕ್ಕೆ ಸರಿಯಾಗಿಯೇ ಇತ್ತು. ವಾರ್ತೆ ಮುಗಿದು ಮಂದಿ ಎದ್ದರು.

ಆಗ ಮಾಸ್ತರರ ತಾಯಿ ಸೋನಾಬಾಯಿ ಬಂದರು. ಮಗನ ಕೈ ಹಿಡಿದು, ತಾವೇ ಪಟ್ಟಿ ಬಿಚ್ಚಿ, ಗಡಿಯಾರವನ್ನು ಒಂದು ಹಸನಾದ ಅರಿವೆಯಲ್ಲಿ ಸುತ್ತಿ, ರೇಡಿಯೋ ಪೆಟ್ಟಿಗೆಯ ಒಳಗೆ, ದನಿ ಹೊರಡುವ ಹಾರನ್ನಿನ ಮಗ್ಗುಲಿಗೆ ಒರಗಿಸಿ ಮಲಗಿಸಿದರು. ಕೀಲಿ ಹಾಕಿ ಚಾವಿಯನ್ನು ಸೆರಗಿಗೆ ಕಟ್ಟಿಕೊಂಡರು.

ನಾನು ಕಿಬ್ಲಾನುಮಾ ತೆರೆದು ಪೆಟ್ಟಿಗೆಯ ಹತ್ತಿರ ಹಿಡಿದೆ. ಮುಳ್ಳು ತನ್ನ ದಿಕ್ಕು ಬಿಟ್ಟು ಪೆಟ್ಟಿಗೆಗೆ ತಿರುಗಿ ನಿಂತಿತು. ಮಾಸ್ತರರಿಗೆ ನಾನು ಬಾಯಿ ಬಿಡುವ ಮೊದಲೇ ಅರ್ಥವಾಯಿತು. ರೇಡಿಯೋದ ಹಾರನ್ನಿನೊಳಗೆ ಚುಂಬಕ ಇರುತ್ತದೆಂದು ಅವರೇ ಮಕ್ಕಳಿಗೆ ಪಾಠ ಹೇಳಿದವರು. ಅವರು ಹಣೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತರು.

"ಯಾಕವ್ವಾ ಇಲ್ಲೇ ಇಡ್ತೀರಿ?" ಎಂದು ನಾನು ಕೇಳಿದೆ.

"ಮತ್ತೆಲ್ಲಿಡಲಪ್ಪಾ? ನಮ್ಮ ಮನ್ಯಾಗ ಕೀಲಿ ಅಂಬೋದು ಇದೊಂದೇ ಪೆಟ್ಟಿಗಿಗಿ ಅದ. ಹಿಂದ ಕೀಲಿ ಹಾಕಿಡೋವಂಥಾದು ನಮ್ಮ ಹಂತ್ಯಾಕ ಏನಿತ್ತು? ಮತ್ತ ಇದು ವ್ಯಾಳ್ಯಾ ಹೇಳೋ ಪೆಟ್ಟಿಗಿ. ಇದರ ಹಂತ್ಯಾಕ ಮಲಗಿದ್ರ ಅದಕ್ಕೂ ಶಾಣ್ಯಾತನ ಬರ್ತದ ಅನ್ಕೊಂಡೆ."

ಏನಾಗಿದೆ ಎಂದು ಮಗ ಬಿಡಿಸಿ ಹೇಳಿದಾಗ ಆ ಮುದುಕಿ ಚಾವಿಯ ಗಂಟನ್ನು ಬಿಚ್ಚಲು ಹೋದರು. ಎಳೆದೆಳೆದು ಗಂಟು ಇನ್ನೂ ಬಿಗಿಯಾಯಿತು. ಕಡೆಗೆ ನಾನೇ ಬಿಚ್ಚಿದೆ. "ನನ್ನ ಕೈಲೇ ಮಗಂದು ಅನ್ನಾ ಕಳದೆನೇನಪ್ಪಾ" ಎಂದರು. ಅಷ್ಟು ಜೋಪಾನ ಮಾಡಿದ್ದಕ್ಕೆ ಇಂಥ ಫಲವೇ ಎಂದು ನನಗೆ ದೇವರ ಮೇಲೆ ಸಿಟ್ಟು ಬಂತು.

ಇನ್‌ಸ್ಪೆಕ್ಟರು ಹೇಳಿದ ದಿನ ಅಂಗಡಿಗೆ ಬಂದರು. ಮೈಸೂರು ಕಡೆಯವರು, ಪೇಟ, ಉದ್ದ ಕೋಟು. ಕೆಟ್ಟವರಲ್ಲ, ಆದರೆ ಹಳ್ಳಿ ಹಳ್ಳಿ ತಿರುಗಿ ನಮ್ಮಷ್ಟೇ ಬೇಸತ್ತಿದ್ದರು. ಮಾಸ್ತರರು ಬಂದಿದ್ದರು. ಸೋನಾಬಾಯಿಯೂ ಹಟ ಹಿಡಿದು ಬಂದಿದ್ದರು. ಒಳಗೆ ಬನ್ನಿ ಎಂದರೂ ಬರದೆ ಮೆಟ್ಟಿಲ ಮೇಲೆ, ಬಿಸಿಲಲ್ಲಿ ಕೂತಿದ್ದರು.

ಉಸ್ತಾದ ಇದ್ದದ್ದನ್ನು ಇದ್ದಂತೆ ಹೇಳಿದರು. ಗಡಿಯಾರಕ್ಕೆ ಚುಂಬಕ ಹಿಡಿದಿತ್ತು, ಹಿಡಿದದ್ದು ಸರಕಾರದ ಪೆಟ್ಟಿಗೆಯಿಂದ ಎಂದರು. ತಪ್ಪು ತಮ್ಮ ಮಾಲಿನದಲ್ಲ ಎಂದು ಗೊತ್ತಾದ ಕೂಡಲೇ ಬಾಯಿ ಮುಚ್ಚಿಸಿದ್ದ ಸೇಟರೇ ಎಲ್ಲರಿಗಿಂತ ಜೋರಾಗಿ ಸಾಕ್ಷಿ ಹೇಳತೊಡಗಿದರು. "ಹಂಡ್ರೆಡ್ ಪರ್ಸೆಂಟ್ ಸಾಹೇಬ್ರ, ಮಾಸ್ತರ್ ಬಂಗಾರದಂಥಾ ಮನುಷ್ಯ!" ನಾನು ನಗು ತಡೆಯಲು ಹಲಗೆಯ ಕಡೆ ತಿರುಗಿದೆ.

ಇನ್‌ಸ್ಪೆಕ್ಟರು ನಗಲಿಲ್ಲ. "ಸರಿಯಪ್ಪ, ಗಡಿಯಾರ ಕೆಟ್ಟಿತ್ತು ಅಂತ್ಲೇ ಇಟ್ಕೊಳ್ಳೋಣ. ಅಲ್ರೀ ಮೇಷ್ಟ್ರೇ, ಆ ಊರಿನೋರ ಹತ್ರ ಗಡಿಯಾರ ಇಲ್ಲ. ಬಿಸಿಲು ನೋಡ್ಕೊಂಡು ಹೊತ್ತು ಹೇಳ್ತಾರೆ. ನೀವೂ ಆಚೆ ಬಂದು ಒಂದ್ಸಲ ತಲೆ ಎತ್ತಿದ್ರೆ ಗೊತ್ತಾಗ್ತಿರ್ಲಿಲ್ವೇ? ಒಂದು ಗಂಟೆ ವ್ಯತ್ಯಾಸ ಅಂದ್ರೆ ಕಮ್ಮೀನಾ?"

ಉಸ್ತಾದ ತಲೆ ಕೆಳಗೆ ಹಾಕಿದರು. ಮಾಸ್ತರರು ಹೇಳಿದರು.

"ನೋಡಿದೆನ್ರಿ ಸಾಹೇಬ್ರ. ಹೊತ್ತು ಇನ್ನಾ ಮ್ಯಾಲ ಅದ ಅಂತ ನನಗೂ ಅನಿಸ್ತು. ಆದ್ರ ನಮ್ಮಪ್ಪ ಜನ್ಮಾ ಪೂರಾ ಹೊತ್ತು ನೋಡೇ ಕೂಲಿ ಮಾಡಿದನ್ರಿ. ಹೊತ್ತು ಮುಳುಗ್ಯಾದ, ಮನಿಗಿ ಹೋಗ್ತೇನಿ ಅಂತ ಅವ ಅಂದ್ರ, ಎಲ್ಲಿ ಮುಳುಗ್ಯಾದ ಅಂತ ಧಣಿ ಅಂತಿದ್ದ. ಧಣಿ ಹೇಳಿದಾಗೇ ಹೊತ್ತು ಮುಳಗಬೇಕ್ರಿ. ಕತ್ತಲಾದ್ರೂ ಅವಗ ಹೊತ್ತು ಮುಳುಗಿರ್ತಿದ್ದಿಲ್ಲ. ಗಡಿಯಾರ ಒಂದು ಕೈಯಾಗಿದ್ರ ಯಾರೂ ಹಂಗ ಅನ್ನಲಾಕ ಬರಲ್ಲ ಅಂತ ತಗೊಂಡೆನ್ರಿ. ಈಗ ಅದರ ಮಾತು ಬಿಟ್ಟು ಬಿಸಿಲಿನ ಮಾತು ಹ್ಯಾಂಗ ನಂಬಲಿ? ನಂಬಲಿಕ್ಕಿ ಮನಸ್ಸೇ ಆಗಲಿಲ್ರಿ."

ಇನ್‌ಸ್ಪೆಕ್ಟರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಸೋಮವಾರ ಹೋಗಿ ಸ್ಕೂಲು ತೆಗೀರಿ ಮೇಷ್ಟ್ರೇ. ಊರಿನೋರ್ಗೆ ನಾನು ಹೇಳ್ತೀನಿ" ಎಂದರು. ಎದ್ದು ಹೋಗುವಾಗ ಮೆಟ್ಟಿಲ ಮೇಲಿದ್ದ ಸೋನಾಬಾಯಿಗೆ ದಾರಿ ಬಿಟ್ಟು ಪಕ್ಕದಿಂದ ಇಳಿದರು.

ಉಸ್ತಾದ ಗಡಿಯಾರವನ್ನು ಕೈಯಲ್ಲಿ ಹಿಡಿದು ತಾವೇ ಮೆಟ್ಟಿಲಿಗೆ ಹೋಗಿ ಆ ತಾಯಿಯ ಪಕ್ಕ ಕೂತರು. "ಅಮ್ಮಾ, ಇನ್ನ ಪೆಟ್ಟಿಗಿ ಬ್ಯಾಡ, ಕೀಲಿ ಬ್ಯಾಡ. ಹಗಲು ರಾತ್ರಿ ಮಗನ ಕೈಯಾಗೇ ಇರ್ಲಿ. ಮೈ ಬಿಸಿ ಹತ್ತಿದ್ರ ಘಡಿ ಚಲೋ ನಡೀತದ."

ಆಕೆ ಉಸ್ತಾದರ ಮುಖ ನೋಡಿದರು. "ಕೈಯಾಗೇ ಇದ್ರ ಯಾರೂ ಕಸಗೊಳ್ಳಲ್ಲಾ ಸಾಬ್?"

"ಯಾರೂ ಕಸಗೊಳ್ಳಲ್ಲಮ್ಮಾ" ಎಂದರು ಉಸ್ತಾದ. ಆಮೇಲೆ ನನ್ನನ್ನು ಕರೆದು ಕಾರಣವಿಲ್ಲದೆ ಬೈದರು.

ಹುಡುಗರೇ, ನೀವು ಕೇಳಿದ್ದಕ್ಕೆ ಉತ್ತರ ಇದರಲ್ಲೇ ಇದೆ. ಈಗ ನಿಮ್ಮ ಹತ್ತಿರ ಗಡಿಯಾರದ ಬಡಿತ ಕೇಳಿ ತಪ್ಪು ತೋರಿಸುವ ಯಂತ್ರ ಇದೆಯಂತೆ. ಒಳ್ಳೆಯದು. ನಮಗೆ ಒಂದು ವಾರ ಹಿಡಿಯುತ್ತಿದ್ದದ್ದು ನಿಮಗೆ ಒಂದು ಚಹಾ ಕುಡಿಯುವುದರೊಳಗೆ ತಿಳಿಯುತ್ತದೆ. ಆದರೆ ಗಿರಾಕಿ ರಾತ್ರಿ ಗಡಿಯಾರವನ್ನು ಮೊಬೈಲಿನ ಮೇಲೆ ಇಡುತ್ತಾನೋ, ಹಾಡಿನ ಡಬ್ಬಿಯ ಪಕ್ಕ ಇಡುತ್ತಾನೋ, ಅದನ್ನು ನೀವೇ ಕೇಳಬೇಕು. ಕೇಳಿದರೆ ಸಿಟ್ಟಾಗುತ್ತಾರೆ. ಆಗಲಿ. ನಾನು ಎಷ್ಟೋ ಮಂದಿಯ ಸಿಟ್ಟು ಉಂಡಿದ್ದೇನೆ, ಹೊಟ್ಟೆ ಕೆಟ್ಟಿಲ್ಲ.

ಉಸ್ತಾದ ತೀರಿಕೊಂಡ ಮೇಲೆ ನಾನು ಬೀದರ ಬಿಟ್ಟು ಭಾಲ್ಕಿಯಲ್ಲಿ ಬಸ್‌ಸ್ಟ್ಯಾಂಡಿನ ಎದುರು ಒಂದು ಮೇಜು ಹಾಕಿಕೊಂಡೆ. ಬಹಳ ವರ್ಷಗಳ ನಂತರ ಒಂದು ಮಧ್ಯಾಹ್ನ ತಲೆ ನೆರೆತ ಒಬ್ಬರು ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. ಅಂಗಿಯ ತೋಳು ಸರಿಸಿ ಗಡಿಯಾರ ಬಿಚ್ಚಿ ನನ್ನ ಮುಂದೆ ಇಟ್ಟರು. ನಾನು ಗಡಿಯಾರವನ್ನು ಮೊದಲು ಗುರುತು ಹಿಡಿದೆ, ಆಮೇಲೆ ಮಾಣಿಕ ಮಾಸ್ತರರನ್ನು. ತಾಯಿ ಹೋದ ವರ್ಷ ತೀರಿಕೊಂಡರೆಂದು ಹೇಳಿದರು. ಗಡಿಯಾರ ತುಸು ಹಿಂದೆ ಬೀಳುತ್ತಿತ್ತು. ಎಣ್ಣೆ ಒಣಗಿತ್ತು, ಅಷ್ಟೇ.

ಮಗುಚಿ ನೋಡಿದೆ. ಹಿಂದಿನ ಮುಚ್ಚಳದ ಮೆರುಗು ಪೂರಾ ತಿಂದುಹೋಗಿತ್ತು, ಕೆತ್ತಿದ ಅಕ್ಷರ ಒಂದೂ ಉಳಿದಿರಲಿಲ್ಲ. ಅಷ್ಟು ವರ್ಷದ ಬೆವರು. ಅವರ ಎಡ ಮಣಿಕಟ್ಟಿನ ಮೇಲೆ ಬಿಸಿಲು ಕಾಣದ ಬಿಳಿ ಪಟ್ಟಿಯೊಂದು ಇತ್ತು. "ಒಂದ್ ದಿನಾ ಬಿಟ್ಟು ಹೋಗ್ರಿ ಮಾಸ್ತರ, ಹಸನ ಮಾಡಿ ಇಡ್ತೇನಿ" ಎಂದೆ.

"ಬ್ಯಾಡ್ರಿ. ಇಲ್ಲೇ ಕೂಡ್ತೇನಿ" ಎಂದರು.

ನಾನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಕಡ್ಡಿ ಸರಿಸಿ ಕೊಡುವಷ್ಟರಲ್ಲಿ ಸಂಜೆಯ ಬಸ್ಸುಗಳು ಹೊರಡತೊಡಗಿದ್ದವು. ಅಲ್ಲಿಯವರೆಗೂ ಅವರು ಬಲಗೈಯಿಂದ ಬರಿದಾದ ಎಡ ಮಣಿಕಟ್ಟನ್ನು ಹಿಡಿದುಕೊಂಡೇ ಕೂತಿದ್ದರು.